ಅಲಂಕಾರ ಮತ್ತು ಔಚಿತ್ಯ: ಚೆನ್ನೈನ ಒಂದು ಹೊಸ ಸಂಸಾರದ ಮನೆಯನ್ನು ಕುರಿತು

೧

ಕನ್ನಡದಲ್ಲಿ ‘ಅಲಂಕಾರ’ ಎಂಬ ಮಾತು ಎರಡು ಕಡೆ ಬಳಕೆಯಲ್ಲಿದೆ. ಕಾವ್ಯಮೀಮಾಂಸೆಯಲ್ಲಿ ಒಂದು, ನಾವು ವಾಸಮಾಡುವ ಮನೆಯಲ್ಲಿ ಇನ್ನೊಂದು. ಕಾವ್ಯಾಲಂಕಾರವನ್ನು ಕುರಿತು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಿಂದ ಮೊದಲುಗೊಂಡು ಇಂದಿನವರೆಗೂ ಚರ್ಚೆ ನಡೆದುಬಂದಿದೆ. ಗೃಹಾಲಂಕಾರವಾದರೋ ವಿಮರ್ಶೆಯ ಕಣ್ಣಿಗೆ ಬಿದ್ದುದೇ ಅಪರೂಪ. ಅದನ್ನು ಹೆಂಗಸರ ಹವ್ಯಾಸವೆಂದೋ, ಅಂಗಡಿಯವರ ವ್ಯವಹಾರವೆಂದೋ, ಕೈಯಲ್ಲಿ ನಾಲ್ಕು ಕಾಸು ಉಳಿದವರ ವಿನೋದವೆಂದೋ ಬದಿಗೆ ಸರಿಸಿ, ನಮ್ಮ ವಿದ್ವಾಂಸರು ಪುಸ್ತಕದ ಕಪಾಟಿನ ಕಡೆಗೆ ತಿರುಗಿದ್ದಾರೆ. ಆ ಕಪಾಟೂ ಮನೆಯ ಅಲಂಕಾರದಲ್ಲಿ ಒಂದಾಗಿರುವುದನ್ನು ಗಮನಿಸಿದವರು ಕಡಿಮೆ.

ತವರು ನಾಡನ್ನು ಬಿಟ್ಟು ಬಂದು ನೆಲೆಸಿದ ನಮ್ಮಂಥವರಿಗೆ ಈ ಉದಾಸೀನ ತಕ್ಕುದಲ್ಲ. ಚೆನ್ನೈನಲ್ಲಿ ಬೀದಿ ನಮ್ಮ ಭಾಷೆಯದಲ್ಲ, ಕಛೇರಿ ನಮ್ಮ ಭಾಷೆಯದಲ್ಲ, ಮಕ್ಕಳು ಓದುವ ಶಾಲೆ ಬಹುಮಟ್ಟಿಗೆ ನಮ್ಮ ಭಾಷೆಯದಲ್ಲ. ಸಂಘದ ವಾರ್ಷಿಕೋತ್ಸವ ವರ್ಷಕ್ಕೊಮ್ಮೆ ಬರುತ್ತದೆ. ಉಳಿದ ದಿನಗಳಲ್ಲಿ ಕನ್ನಡಕ್ಕೆ ಇಲ್ಲಿ ದೊರೆಯುವ ನೆಲವೆಂದರೆ ಒಂದು ಫ್ಲ್ಯಾಟಿನ ಏಳೆಂಟು ನೂರು ಚದರಡಿ. ಹೊಸದಾಗಿ ಮದುವೆಯಾದ ಇಬ್ಬರು ಆ ನೆಲವನ್ನು ಹೇಗೆ ತುಂಬುತ್ತಾರೆ, ಗೋಡೆಗೆ ಏನನ್ನು ತಗುಲಿಸುತ್ತಾರೆ, ಯಾರನ್ನು ಎಲ್ಲಿ ಕೂರಿಸುತ್ತಾರೆ ಎಂಬುದು ಅವರ ಸ್ವಂತ ವಿಚಾರ ನಿಜ. ಆದರೆ ಅಷ್ಟಕ್ಕೇ ನಿಲ್ಲುವ ವಿಚಾರವಲ್ಲ. ಮುಂದಿನ ತಲೆಮಾರು ಯಾವ ಮಾತನ್ನು ಕೇಳುತ್ತ ಬೆಳೆಯುವುದು ಎಂಬುದು ಬಹುಪಾಲು ಆ ನೆಲದ ಮೇಲೆಯೇ ಇತ್ಯರ್ಥವಾಗುತ್ತದೆ.

ಇಂತಹ ಮನೆಯನ್ನು ಒಂದು ಕೃತಿಯೆಂದು ಭಾವಿಸಿ, ಅದಕ್ಕೆ ನಮ್ಮ ಕಾವ್ಯಮೀಮಾಂಸೆಯ ಅಳತೆಗೋಲುಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ಜೊತೆಗೆ, ಎಳೆಯ ದಂಪತಿಗಳ ಮನೆಯನ್ನು ಕಣ್ಣಿಗೆ ಕಟ್ಟಿಸಿದ ಎರಡು ಕನ್ನಡ ಕೃತಿಗಳನ್ನೂ ಈ ನಗರದ ಒಂದು ತಮಿಳು ಚಲನಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಲಾಗಿದೆ.

೨

‘ಅಲಂ’ ಎಂದರೆ ಸಾಕು, ಸಮರ್ಥ ಎಂದು ಅರ್ಥ. ಯಾವುದು ಒಂದು ವಸ್ತುವನ್ನು ತನ್ನ ಕೆಲಸಕ್ಕೆ ಸಾಕಾಗುವಂತೆ ಮಾಡುತ್ತದೆಯೋ ಅದು ಅಲಂಕಾರ. ಆನಂದ ಕುಮಾರಸ್ವಾಮಿಯವರು ೧೯೩೯ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಮೂಲಾರ್ಥವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ಅಲಂಕಾರವೆಂಬುದು ಪೂರ್ಣವಾದ ವಸ್ತುವಿನ ಮೇಲೆ ಹೊರಗಿನಿಂದ ಹೇರಿದ ಚೆಲುವು ಎಂಬ ಎಣಿಕೆ ಬಹಳ ಈಚಿನದು. ಮೊದಲು ಅದು ವಸ್ತುವಿನ ಪೂರ್ಣತೆಗೇ ಬೇಕಾದ ಸಲಕರಣೆಯಾಗಿತ್ತು ಎಂಬುದು ಅವರ ಪ್ರತಿಪಾದನೆ. ಈ ದೃಷ್ಟಿಯಿಂದ ನೋಡಿದರೆ ನೀರಿಲ್ಲದ ಮನೆಗೆ ಕೊಡವೂ ಕತ್ತಲೆಯ ಮನೆಗೆ ದೀಪವೂ ಅಲಂಕಾರಗಳೇ.

ನಮ್ಮ ಆಲಂಕಾರಿಕರಲ್ಲಿ ಇಬ್ಬರ ಮಾತು ಇಲ್ಲಿ ವಿಶೇಷವಾಗಿ ಉಪಯುಕ್ತ. ಒಂಬತ್ತನೆಯ ಶತಮಾನದ ಆನಂದವರ್ಧನನ ಮತದಲ್ಲಿ, ರಸದಲ್ಲಿ ಮಗ್ನನಾದ ಕವಿಗೆ ಬೇರೆ ಪ್ರಯತ್ನವಿಲ್ಲದೆ ಒದಗಿಬರುವ ಅಲಂಕಾರವೇ ಸರಿಯಾದ ಅಲಂಕಾರ. ಬೇರೆಯಾಗಿ ಹೆಣಗಿ ತಂದದ್ದು ರಸಕ್ಕೆ ಹೊರಗೇ ಉಳಿಯುತ್ತದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಕೊಡುವ ದೃಷ್ಟಾಂತ ಎಲ್ಲರಿಗೂ ಗೊತ್ತಿರುವುದೇ: ಡಾಬನ್ನು ಕೊರಳಿಗೆ, ಹಾರವನ್ನು ಸೊಂಟಕ್ಕೆ, ಕಾಲಂದುಗೆಯನ್ನು ಕೈಗೆ ಹಾಕಿಕೊಂಡವರನ್ನು ಕಂಡು ಯಾರು ತಾನೆ ನಗುವುದಿಲ್ಲ? ಒಡವೆ ಚಿನ್ನದ್ದೇ ಆಗಿರಬಹುದು. ಅದು ಇರಬೇಕಾದ ಸ್ಥಳ ತಪ್ಪಿದೆ.

ಸಾಕಾಗುವಂತೆ ಮಾಡುವುದು, ಬಾಳಿನೊಳಗಿಂದಲೇ ಒದಗಿಬರುವುದು, ತಕ್ಕ ಸ್ಥಳದಲ್ಲಿರುವುದು: ಈ ಮೂರೂ ಮನೆಗೆ ಹೊಂದುವ ಲಕ್ಷಣಗಳು. ಇವನ್ನು ಹಿಡಿದುಕೊಂಡು ಚೆನ್ನೈನ ಫ್ಲ್ಯಾಟಿನ ಒಳಕ್ಕೆ ಪ್ರವೇಶಿಸಬಹುದು.

೩

ಈ ನಗರದ ಮನೆ ಮೊದಲಿನಿಂದಲೂ ಹೀಗಿರಲಿಲ್ಲ. ಮೈಲಾಪುರ, ತಿರುವಲ್ಲಿಕೇಣಿಗಳ ಹಳೆಯ ಬೀದಿಮನೆಗೆ ಮುಂದೆ ತಿಣ್ಣೆ ಇತ್ತು. ನಮ್ಮ ಕಡೆಯ ಜಗಲಿಯೇ ಅದು. ಒಳಗೆ ಬಿಸಿಲು ಮಳೆ ಎರಡೂ ಇಳಿಯುವ ತೊಟ್ಟಿ ಇತ್ತು, ಹಿತ್ತಿಲಲ್ಲಿ ಬಾವಿ ಇತ್ತು. ೧೯೨೦ರ ದಶಕದಲ್ಲಿ ಮಾಂಬಲದ ಕೆರೆಯನ್ನು ಬತ್ತಿಸಿ ತ್ಯಾಗರಾಯನಗರವನ್ನು ನಿರ್ಮಿಸಿದಾಗ ಸುತ್ತ ತೋಟವಿರುವ ಬಿಡಿಮನೆಗಳು ಬಂದವು. ೧೯೬೧ರಲ್ಲಿ ತಮಿಳುನಾಡು ವಸತಿ ಮಂಡಳಿ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಬಿಡಿಮನೆಗಳ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತಿನ ವಸತಿಸಮುಚ್ಚಯಗಳು ಎದ್ದವು. ೨೦೦೦ದಲ್ಲಿ ತರಮಣಿಯಲ್ಲಿ ಟೈಡೆಲ್ ಪಾರ್ಕ್ ಆರಂಭವಾದ ಮೇಲೆ ಹಳೆಯ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಬಹುಮಹಡಿ ಕಟ್ಟಡಗಳ ಸಾಲು ಬೆಳೆಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಕೆಲಸಕ್ಕೆ ಬರುವ ಎಳೆಯ ದಂಪತಿಗಳಲ್ಲಿ ಅನೇಕರು ಮೊದಲು ಸಂಸಾರ ಹೂಡುವುದು ಈ ಸಾಲಿನಲ್ಲಿಯೇ.

ಈ ಬದಲಾವಣೆಯಲ್ಲಿ ಜಗಲಿ ಹೋಯಿತು, ಅಂಗಳ ಹೋಯಿತು, ಹಿತ್ತಿಲು ಹೋಯಿತು. ಹೊಸ್ತಿಲು ಮಾತ್ರ ಅರ್ಧ ಉಳಿದುಕೊಂಡಿದೆ. ಅದರ ಆಚೆಗಿರುವುದು ನಾಲ್ಕು ಮನೆಯವರ ಸಮಾನ ಓಣಿ, ಅದರಾಚೆ ಲಿಫ್ಟು. ಬೆಳಗ್ಗೆ ರಂಗೋಲಿ ಇಡಬೇಕೆಂದರೆ ಒಂದು ಮೊಳದ ಜಾಗ. ಪಕ್ಕದ ಮನೆಯ ತಮಿಳು ಗೃಹಿಣಿ ಅದೇ ಮೊಳದಲ್ಲಿ ಕೋಲ ಹಾಕುತ್ತಾಳೆ. ಮಾರ್ಗಶಿರದಲ್ಲಿ, ಅವರ ಮಾರ್ಗಳಿಯಲ್ಲಿ, ಆಕೆಯ ಚುಕ್ಕಿಗಳು ನಮ್ಮ ಬಾಗಿಲವರೆಗೂ ಹಬ್ಬುತ್ತವೆ. ಚುಕ್ಕಿಯನ್ನು ಸುತ್ತುವ ಗೆರೆಗೆ ಭಾಷೆಯಿಲ್ಲ. ಈ ಒಂದು ಮೊಳದಲ್ಲಿ ಎರಡು ನಾಡುಗಳು ಜಗಳವಾಡದೆ ಕೂಡಿಕೊಳ್ಳುತ್ತವೆ.

ಬಾಡಿಗೆಯ ಮನೆಯೆಂಬುದೂ ಅಲಂಕಾರದ ಮೇಲೆ ಒಂದು ಛಂದಸ್ಸನ್ನು ಹೇರುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಇಲ್ಲಿ ಬಹುಕಾಲದ ರೂಢಿ. ೨೦೧೭ರ ರಾಜ್ಯ ಶಾಸನ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದನ್ನು ಮೂರು ತಿಂಗಳಿಗೆ ಮಿತಿಗೊಳಿಸಿದೆ. ಮುಂಗಡ ಮಾಲೀಕರ ಕೈಯಲ್ಲಿರುವ ತನಕ ಗೋಡೆಗೆ ಮೊಳೆ ಹೊಡೆಯುವ ಧೈರ್ಯ ಬಾಡಿಗೆದಾರರಿಗೆ ಬಾರದು. ಹಾಗಾಗಿ ಚಿತ್ರಪಟಗಳು ಗೋಡೆಗೆ ಒರಗಿ ನೆಲದ ಮೇಲೆ ನಿಲ್ಲುತ್ತವೆ. ದೇವರು ಅಡುಗೆಮನೆಯ ಕಪಾಟಿನ ಒಂದು ಅಂಕಣಕ್ಕೆ ಇಳಿದು ಬರುತ್ತಾನೆ. ಕಟ್ಟಿನೊಳಗೆ ಕವಿತೆ ಹೊಸ ಬಳುಕನ್ನು ಕಂಡುಕೊಳ್ಳುವಂತೆ, ಮೊಳೆಯಿಲ್ಲದ ಮನೆ ತನ್ನ ಕ್ರಮವನ್ನು ತಾನೇ ಕಂಡುಕೊಳ್ಳಬೇಕು.

ಇನ್ನು ಹವೆ. ತಿರುವಾನ್ಮಿಯೂರು, ಬೆಸೆಂಟ್ ನಗರಗಳ ಕಡಲಗಾಳಿಯಲ್ಲಿ ಉಪ್ಪಿದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಾಗಿಲು ಉಬ್ಬುತ್ತದೆ, ಈಶಾನ್ಯ ಮಾರುತದ ತಿಂಗಳುಗಳಲ್ಲಿ ಪುಸ್ತಕದ ಅಟ್ಟೆಗೆ ಬೂಸು ಕಟ್ಟುತ್ತದೆ. ಮೇ ತಿಂಗಳ ಕತ್ತರಿ ಬಿಸಿಲಲ್ಲಿ ಪಶ್ಚಿಮದ ಗೋಡೆ ಇರುಳಿಡೀ ಕಾವು ಕಾರುತ್ತದೆ. ಆ ಗೋಡೆಯ ಕಿಟಕಿಗೆ ಬೆಲೆಬಾಳುವ ರೇಷ್ಮೆಯ ಪರದೆ ಬಿಟ್ಟವರು ಕ್ಷೇಮೇಂದ್ರನ ದೃಷ್ಟಾಂತಕ್ಕೆ ಹೊಸ ಉದಾಹರಣೆ ಒದಗಿಸುತ್ತಾರೆ. ಅಲ್ಲಿ ಬೇಕಾದದ್ದು ನೀರು ಚಿಮುಕಿಸಿದ ಲಾವಂಚದ ತಟ್ಟಿ. ೨೦೧೫ರ ಡಿಸೆಂಬರಿನ ನೆರೆಯಲ್ಲಿ ಎಷ್ಟೋ ನೆಲ ಅಂತಸ್ತಿನ ಮನೆಗಳ ಪೀಠೋಪಕರಣಗಳೆಲ್ಲ ನೀರುಪಾಲಾದವು. ೨೦೧೯ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬತ್ತಿಹೋದಾಗ, ಇದೇ ನಗರದ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಸಾಲಾಗಿ ಜೋಡಿಸಿದ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು. ಯಾವ ಗೃಹಾಲಂಕಾರದ ಪತ್ರಿಕೆಯೂ ಅವುಗಳ ಚಿತ್ರವನ್ನು ಮಾದರಿಯೆಂದು ಅಚ್ಚುಹಾಕಲಾರದು. ‘ಅಲಂ’ ಎಂಬ ಮೂಲಾರ್ಥದಲ್ಲಾದರೆ ಆ ಬೇಸಿಗೆಯ ನಿಜವಾದ ಅಲಂಕಾರ ಅವೇ ಆಗಿದ್ದವು.

೪

ಇಂತಹ ಮನೆಯ ಚಿತ್ರ ನಮ್ಮ ಸಾಹಿತ್ಯದಲ್ಲಿ ಎಲ್ಲಿದೆ? ದಾಂಪತ್ಯವೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’. ೧೯೪೨ರಲ್ಲಿ ಪ್ರಕಟವಾದ ಈ ಸಂಕಲನ ಮದುವೆಯ ಒಳಗಿನ ಪ್ರೇಮವನ್ನು ಕಾವ್ಯದ ಕೇಂದ್ರಕ್ಕೆ ತಂದಿತು. ಅಲ್ಲಿಯ ಮನೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ರಾಯರು ಮಾವನ ಮನೆಗೆ ಬರುವ ಪ್ರಸಿದ್ಧ ಕವಿತೆಯಲ್ಲಿ ಕಾಲಿಗೆ ನೀರು, ದೀಪ, ಹೂವಿನ ಪರಿಮಳ, ಊಟ, ಹಾಸಿದ ಮಂಚ ಎಲ್ಲವೂ ಸಿದ್ಧವಾಗಿವೆ. ಯಾರಿಗಾಗಿ ಬಂದರೋ ಆಕೆ ಆ ದಿನ ಒಳಗಿಲ್ಲ. ಗೃಹಾಲಂಕಾರದ ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ: ಒಂದೊಂದು ವಸ್ತುವೂ ತನ್ನ ಸ್ಥಾನದಲ್ಲಿದ್ದು, ಒಬ್ಬಳು ಇಲ್ಲದೆ ಹೋದುದರಿಂದ ಮನೆ ಬರಿದಾಗಿ ಕಾಣುತ್ತದೆ. ವಸ್ತುಗಳು ವಾಚ್ಯ, ಆಕೆ ಇಲ್ಲದಿರುವುದು ಧ್ವನಿ.

ಆದರೆ ಆ ಮನೆಯನ್ನು ಜೋಡಿಸಿದವರು ದಂಪತಿಗಳಲ್ಲ. ಮಂಚ ಹಾಸಿದವರು, ದೀಪ ಹಚ್ಚಿದವರು ಬೇರೆಯವರು. ‘ಮೈಸೂರು ಮಲ್ಲಿಗೆ’ಯ ಪ್ರೇಮ ಹಿರಿಯರು ಸಿದ್ಧಪಡಿಸಿಟ್ಟ ಮನೆಯಲ್ಲಿ ಅರಳುವಂಥದು, ಸಂಪ್ರದಾಯವೇ ಅಲ್ಲಿ ಗೃಹಾಲಂಕಾರ ಮಾಡುತ್ತದೆ. ಕವಿಯ ಮುಂದಿನ ಸಂಕಲನಗಳ ಹೆಸರುಗಳನ್ನು ಗಮನಿಸಿದರೆ, ‘ದೀಪದ ಮಲ್ಲಿ’, ‘ಮನೆಯಿಂದ ಮನೆಗೆ’, ‘ತೆರೆದ ಬಾಗಿಲು’ ಎಂದು, ಅವರ ಕಲ್ಪನೆ ಮನೆಯನ್ನು ಬಿಟ್ಟು ಬಹುದೂರ ಹೋಗಲಿಲ್ಲವೆಂದು ಹೆಸರುಗಳೇ ಸೂಚಿಸುತ್ತವೆ. ಆದರೂ ಮಾವನ ಮನೆಯ ಆ ಸಿದ್ಧತೆ ಬಾಡಿಗೆಯ ಫ್ಲ್ಯಾಟಿಗೆ ಬಂದಿಳಿಯುವ ಇಬ್ಬರಿಗೆ ದೊರೆಯುವುದಿಲ್ಲ. ಅವರಿಗೆ ಮೊದಲ ರಾತ್ರಿ ಹಾಸಿಗೆಯನ್ನು ತಾವೇ ಹಾಸಿಕೊಳ್ಳಬೇಕು, ಬಲ್ಬನ್ನು ತಾವೇ ಕೊಂಡು ತರಬೇಕು.

ಆ ಇಬ್ಬರ ಚಿತ್ರವನ್ನು ಕೊಟ್ಟದ್ದು ಕನ್ನಡವಲ್ಲ, ಈ ನಗರದ ತಮಿಳು ಚಿತ್ರರಂಗ. ೨೦೦೦ದ ಏಪ್ರಿಲಿನಲ್ಲಿ ತೆರೆಕಂಡ ಮಣಿರತ್ನಂ ಅವರ ‘ಅಲೈಪಾಯುದೇ’ಯಲ್ಲಿ ಸಾಫ್ಟ್‌ವೇರ್ ಓದಿದ ಕಾರ್ತಿಕ್, ವೈದ್ಯವಿದ್ಯಾರ್ಥಿನಿ ಶಕ್ತಿ ಗುಟ್ಟಾಗಿ ಮದುವೆಯಾಗುತ್ತಾರೆ, ಗುಟ್ಟು ರಟ್ಟಾದಾಗ ಇಬ್ಬರೂ ತಂತಮ್ಮ ಮನೆಗಳನ್ನು ಬಿಟ್ಟು, ಇನ್ನೂ ಕೆಲಸ ಮುಗಿಯದ ಒಂದು ವಸತಿ ಕಟ್ಟಡದಲ್ಲಿ ಸಂಸಾರ ಹೂಡುತ್ತಾರೆ. ಅದೇ ವರ್ಷದ ಜುಲೈಯಲ್ಲಿ ಟೈಡೆಲ್ ಪಾರ್ಕ್ ಉದ್ಘಾಟನೆಯಾಯಿತೆಂಬುದನ್ನು ನೆನೆದರೆ, ಮುಂದೆ ಬರಲಿದ್ದ ಸಾವಿರಾರು ಸಂಸಾರಗಳನ್ನು ಈ ಚಿತ್ರ ಮೊದಲೇ ಕಂಡಂತಿದೆ. ಗಿಲಾವು ಕಾಣದ ಗೋಡೆಗಳ ನಡುವೆ ಆ ಇಬ್ಬರು ಬಣ್ಣದಿಂದಲೂ ಬೆಳಕಿನಿಂದಲೂ ಮನೆಯನ್ನು ಕಟ್ಟಿಕೊಳ್ಳುತ್ತಾರೆ. ಪಿ. ಸಿ. ಶ್ರೀರಾಮ್ ಅವರ ಛಾಯಾಗ್ರಹಣ ಆ ಬಡತನಕ್ಕೂ ಸೊಬಗನ್ನು ಕೊಡುತ್ತದೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಚಿತ್ರದ ಸೊಬಗು ಕೆಲವೊಮ್ಮೆ ಮನೆಗೆಲಸವನ್ನು ಮರೆಮಾಡುತ್ತದೆ. ಸಿಮೆಂಟಿನ ಧೂಳು ದಿನವೂ ಬೀಳುವ ಕಟ್ಟಡದಲ್ಲಿ ನೆಲ ಗುಡಿಸುವವರು ಯಾರು, ಆ ಮಹಡಿಗೆ ನೀರು ಹೇಗೆ ಏರುತ್ತದೆ ಎಂಬುದಕ್ಕೆ ತೆರೆಯ ಮೇಲೆ ಹೆಚ್ಚು ಹೊತ್ತು ಸಿಗುವುದಿಲ್ಲ. ಆದರೆ ಕಥೆಯ ನಡೆ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಮನೆ ಸಿಂಗಾರವಾದ ಮೇಲೆಯೇ ಜಗಳ ಆರಂಭವಾಗುವುದು. ಶಕ್ತಿಯ ತಂದೆ ತೀರಿಹೋಗುತ್ತಾರೆ; ಬಿಟ್ಟು ಬಂದ ಮನೆ ಆ ಮುಗಿಯದ ಕಟ್ಟಡದೊಳಕ್ಕೆ ದುಃಖದ ರೂಪದಲ್ಲಿ ನುಗ್ಗುತ್ತದೆ. ಹಿರಿಯರಿಲ್ಲದ ಮನೆಯಲ್ಲಿ ಅವರ ಸ್ಥಾನವನ್ನು ಪರದೆ ದೀಪಗಳು ತುಂಬಲಾರವೆಂಬುದು ಚಿತ್ರದ ಧ್ವನಿ. ಚಿತ್ರಕ್ಕೆ ಹೆಸರು ಕೊಟ್ಟ ಊತ್ತುಕ್ಕಾಡು ವೆಂಕಟಕವಿಯ ಕೃತಿ ಕಾನಡ ರಾಗದಲ್ಲಿದೆ. ಆ ಹೆಸರಿನ ನೆಂಟಸ್ತನವನ್ನು ಬಿಟ್ಟರೆ ಕನ್ನಡಕ್ಕೂ ಚಿತ್ರಕ್ಕೂ ಸಂಬಂಧವಿಲ್ಲ. ಆದರೂ ಇಲ್ಲಿಯ ಕನ್ನಡ ದಂಪತಿಗಳು ತಮ್ಮನ್ನು ಗುರುತಿಸಿಕೊಳ್ಳಲು ಈ ಚಿತ್ರದ ಕಡೆ ನೋಡಬೇಕಾಗಿದೆ.

ವಸ್ತುಗಳ ವಿಷಯದಲ್ಲಿ ಕನ್ನಡ ಕೊಟ್ಟ ಅತ್ಯಂತ ಎಚ್ಚರದ ಕೃತಿಯೆಂದರೆ ೨೦೧೩ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳಿದ್ದ ಬೆಂಗಳೂರಿನ ಪುಟ್ಟ ಮನೆಯಲ್ಲಿ ಇರುವೆಗಳೊಡನೆ ಹೋರಾಡುತ್ತ ಬದುಕಿದ ಕುಟುಂಬ, ವ್ಯಾಪಾರ ಕೈಹತ್ತಿದೊಡನೆ ದೊಡ್ಡ ಮನೆಗೆ ಹೋಗುತ್ತದೆ. ಹಳೆಯ ಮನೆಯಲ್ಲಿ ಒಂದು ವಸ್ತುವನ್ನು ಕೊಳ್ಳಬೇಕಾದರೆ ಎಲ್ಲರೂ ಕೂಡಿ ಯೋಚಿಸುತ್ತಿದ್ದರು. ಹೊಸ ಮನೆಯಲ್ಲಿ ಒಂದಕ್ಕೊಂದು ಹೊಂದದ ಬೆಲೆಬಾಳುವ ಸಾಮಾನುಗಳು ತುಂಬಿಕೊಳ್ಳುತ್ತವೆ. ಆ ಮನೆಗೆ ಸೊಸೆಯಾಗಿ ಬರುವ ಅನಿತಾ ತನ್ನೊಡನೆ ತರುವ ನಿಜವಾದ ಬಳುವಳಿ ಒಂದು ಮಾತು. ಬಾಲ್ಯದಲ್ಲಿ ಒಡಹುಟ್ಟಿದವರ ಆಟದಲ್ಲಿ ಹುಟ್ಟಿದ, ಯಾವ ನಿಘಂಟಿನಲ್ಲಿಯೂ ಇಲ್ಲದ, ಬಿಡಿಸಲಾಗದ ಗೋಜಲನ್ನು ಸೂಚಿಸುವ ಮಾತು. ಗಂಡಹೆಂಡಿರಿಬ್ಬರೂ ಬಲ್ಲ ಒಂದು ಪದ ಮನೆಯ ಎಲ್ಲ ಪೀಠೋಪಕರಣಗಳಿಗಿಂತ ಹೆಚ್ಚು ಆಪ್ತವಾದ ಆಸ್ತಿಯಾಗುತ್ತದೆ. ಮನೆ ತುಂಬುವುದು ಬೇರೆ, ಮನೆ ಸಾಕಾಗುವುದು ಬೇರೆ ಎಂಬ ಭೇದವನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಬರೆಹ ನಮ್ಮಲ್ಲಿ ವಿರಳ.

೫

ಈ ಮೂರು ಕೃತಿಗಳ ಬೆಳಕಿನಲ್ಲಿ ಇಲ್ಲಿಯ ಕನ್ನಡ ಫ್ಲ್ಯಾಟನ್ನು ನೋಡಿದರೆ ಏನು ಕಾಣುತ್ತದೆ? ಹಾಲಿನ ಗಾಜಿನ ಕಪಾಟಿನಲ್ಲಿ ಚನ್ನಪಟ್ಟಣದ ಅರಗಿನ ಬೊಂಬೆ, ಹಂಪೆಯ ಕಲ್ಲಿನ ರಥದ ಪ್ರತಿಕೃತಿ, ಯಕ್ಷಗಾನದ ಕಿರೀಟ ಹೊತ್ತ ಪುಟ್ಟ ಮುಖ, ಒರಗಿಸಿಟ್ಟ ಮೈಸೂರು ಶೈಲಿಯ ಚಿತ್ರ. ಇವುಗಳಲ್ಲಿ ಒಂದೂ ಅಗ್ಗದ ವಸ್ತುವಲ್ಲ, ಅಭಿರುಚಿಯಿಲ್ಲದ ಆಯ್ಕೆಯೂ ಅಲ್ಲ; ಊರ ಕುಶಲಿಗನಿಗೆ ಇವುಗಳಿಂದ ಜೀವನ ನಡೆಯುತ್ತದೆ. ಆದರೆ ಅದೇ ಹಾಲಿನಲ್ಲಿ ಕುಳಿತ ದಂಪತಿಗಳು ತಮ್ಮೊಳಗೆ ಇಂಗ್ಲಿಷಿನಲ್ಲಿಯೂ, ಕೆಲಸದಾಕೆಯೊಡನೆ ಅರ್ಧಂಬರ್ಧ ತಮಿಳಿನಲ್ಲಿಯೂ, ಮಗುವಿನೊಡನೆ ಮತ್ತೆ ಇಂಗ್ಲಿಷಿನಲ್ಲಿಯೂ ಮಾತನಾಡುತ್ತಿದ್ದರೆ, ಕಪಾಟಿನೊಳಗಿನ ಕನ್ನಡನಾಡು ಕೊರಳಿಗೆ ಕಟ್ಟಿದ ಡಾಬಾಗುತ್ತದೆ. ಭಾಷೆ ಇರಬೇಕಾದ ಸ್ಥಳ ನಾಲಗೆ. ಅದನ್ನು ಗಾಜಿನ ಹಿಂದೆ ನಿಲ್ಲಿಸಿದರೆ ಔಚಿತ್ಯಭಂಗವಾಗುತ್ತದೆ.

ಈ ಮಾತನ್ನು ಗದರಿಕೆಯಾಗಿ ಆಡುವುದು ತರವಲ್ಲ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ ಇಬ್ಬರಿಗೆ ಮಾತಿಗೇ ಬಿಡುವು ಕಡಿಮೆ. ಅನೇಕ ಮನೆಗಳಲ್ಲಿ ಒಬ್ಬರದು ಕನ್ನಡ, ಇನ್ನೊಬ್ಬರದು ತಮಿಳೋ ತೆಲುಗೋ ಮಲಯಾಳವೋ. ಅಲ್ಲಿ ಯಾರ ಭಾಷೆ ಅಡುಗೆಮನೆಯದು, ಯಾರದು ಹಾಲಿನದು ಎಂಬ ಹಂಚಿಕೆ ಪ್ರೇಮದಿಂದಲೇ ಆಗಬೇಕಾದ ಕೆಲಸ. ಹಂಚಿಕೆ ಬರಿಯ ಭಾಷೆಯದೂ ಅಲ್ಲ. ದೂರದರ್ಶನ ಎಷ್ಟು ಅಂಗುಲದ್ದೆಂದು ಗಂಡ ನಿಶ್ಚಯಿಸಿ, ಅದರ ಮೇಲಿನ ಧೂಳನ್ನು ಹೆಂಡತಿ ಒರೆಸುವ ಮನೆಯಲ್ಲಿ, ಅಲಂಕಾರ ಬಾಳಿನೊಳಗಿಂದ ಒದಗಿಬಂದದ್ದಾಗುವುದಿಲ್ಲ. ಅಲ್ಲಿ ಒಬ್ಬರ ಅಲಂಕಾರ ಇನ್ನೊಬ್ಬರಿಗೆ ಪ್ರತ್ಯೇಕ ಪ್ರಯತ್ನ. ಆನಂದವರ್ಧನನ ಲಕ್ಷಣವನ್ನು ಮನೆಗೆ ಅನ್ವಯಿಸುವಾಗ ಯತ್ನ ಯಾರದು ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಔಚಿತ್ಯದ ಒಳ್ಳೆಯ ಮಾದರಿಗಳೂ ಹತ್ತಿರದಲ್ಲಿಯೇ ಇವೆ. ತಿರುನೆಲ್ವೇಲಿ ಜಿಲ್ಲೆಯ ಪತ್ತಮಡೈಯಲ್ಲಿ ಕೋರೆಹುಲ್ಲಿನಿಂದ ನೇಯುವ ಚಾಪೆ ರೇಷ್ಮೆಯಷ್ಟು ನಯವಾಗಿರುತ್ತದೆ; ಮದುವೆಗಾಗಿ ವಧೂವರರ ಹೆಸರುಗಳನ್ನು ಅದರಲ್ಲಿಯೇ ನೇಯುವ ಪದ್ಧತಿಯಿದೆ. ಇಂತಹ ಚಾಪೆಯನ್ನು ಚೌಕಟ್ಟು ಕಟ್ಟಿಸಿ ಗೋಡೆಗೆ ಏರಿಸಿದರೆ ಅದು ಚಿತ್ರ. ಊರಿನಿಂದ ಅತ್ತೆ ಮಾವಂದಿರು ಬಂದ ರಾತ್ರಿ, ಒಂದೇ ಮಲಗುವ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ಹಾಲಿನ ನೆಲದ ಮೇಲೆ ಅದನ್ನು ಬಿಡಿಸಿ ಇಬ್ಬರೂ ಮಲಗಿದರೆ ಆಗ ಅದು ಅಲಂಕಾರ. ಬೆಳಗ್ಗೆ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದಾಗಲೂ ಅದರ ಶೋಭೆ ಕುಂದುವುದಿಲ್ಲ. ಬಳಸಿದ ವಸ್ತುವಿನ ಗಾಂಭೀರ್ಯ ಅದಕ್ಕೆ ಬಂದಿರುತ್ತದೆ.

ಇದಕ್ಕೂ ಸಮರ್ಪಕವಾದ ಮಾದರಿ ನವರಾತ್ರಿಯ ಬೊಂಬೆ. ಹಳೆಯ ಮೈಸೂರಿನ ಕಡೆ ಮದುವೆಯಲ್ಲಿ ಮಗಳಿಗೆ ಪಟ್ಟದ ಬೊಂಬೆಗಳ ಜೋಡಿಯನ್ನು ಕೊಡುವ ವಾಡಿಕೆಯುಂಟು; ತಮಿಳರ ಕೊಲುವಿನಲ್ಲಿಯೂ ಮರಪ್ಪಾಚಿಯೆಂಬ ಮರದ ದಂಪತಿಗಳಿಗೆ ಅದೇ ಸ್ಥಾನ. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಮೈಲಾಪುರದ ಉತ್ತರ ಮಾಡಬೀದಿ ಬೊಂಬೆಯಂಗಡಿಗಳಿಂದ ತುಂಬಿಹೋಗುತ್ತದೆ. ತವರಿನಿಂದ ಬಂದ ಜೋಡಿಯ ಪಕ್ಕದಲ್ಲಿ ಈ ಬೀದಿಯಲ್ಲಿ ಕೊಂಡ ಒಂದು ಬೊಂಬೆ ಬಂದು ನಿಲ್ಲುತ್ತದೆ. ಪೆಟ್ಟಿಗೆ, ಪುಸ್ತಕದ ಕಟ್ಟು, ಅಡ್ಡಹಲಗೆ ಇವುಗಳ ಮೇಲೆ ಪಂಚೆ ಹಾಸಿದರೆ ಮೆಟ್ಟಿಲು ಸಿದ್ಧ. ಮೊಳೆಯೂ ಬೇಡ, ಮಾಲೀಕರ ಅಪ್ಪಣೆಯೂ ಬೇಡ. ಮುಖ್ಯವಾಗಿ, ನೋಡುವವರಿಲ್ಲದೆ ಈ ಅಲಂಕಾರ ಪೂರ್ಣವಾಗುವುದಿಲ್ಲ. ನೆರೆಯವರನ್ನು ಕರೆಯಬೇಕು, ಬಂದವರು ಒಂದು ಹಾಡು ಹೇಳಬೇಕು, ಅವರ ಸುಂಡಲೂ ನಮ್ಮ ಉಸಲಿಯೂ ಕೈ ಬದಲಾಯಿಸಬೇಕು, ಇದು ಯಾವ ಬೊಂಬೆ ಎಂದು ಮಗು ಕೇಳಿದರೆ ಕಥೆ ಹೇಳಬೇಕು. ಕಥೆ ಹೇಳಲು ಹೊರಟವರು ಬಹುಮಟ್ಟಿಗೆ ತಾಯ್ನುಡಿಗೆ ಮರಳುತ್ತಾರೆ. ಹಬ್ಬ ಮುಗಿದ ಮೇಲೆ ಎಲ್ಲವೂ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತದೆ. ಗಾಜಿನ ಕಪಾಟಿನ ಬೊಂಬೆಗೂ ಮೆಟ್ಟಿಲಿನ ಬೊಂಬೆಗೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದನ್ನು ಕುರಿತು ಯಾರೂ ಏನನ್ನೂ ಹೇಳಬೇಕಾಗಿಲ್ಲ, ಎರಡನೆಯದು ಮಾತಿಲ್ಲದೆ ನಿಲ್ಲಲಾರದು.

ಬೊಂಬೆ ಕೂರಿಸುವುದು ಎಲ್ಲ ಕನ್ನಡಿಗರ ಸಂಪ್ರದಾಯವಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಇದು ಕೆಲವು ಜಾತಿಗಳ, ಕೆಲವು ಸೀಮೆಗಳ ಆಚರಣೆ; ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುವವರ ಒಂದು ಕೋಣೆಯ ಸಂಸಾರಕ್ಕೆ ಇದರ ಪರಿಚಯವಿಲ್ಲದಿರಬಹುದು. ಆ ಕೋಣೆಯಲ್ಲಿ ಇದೇ ಕೆಲಸವನ್ನು ಊರಿನ ದೈವದ ಪಟವೊಂದೋ, ಮೇಳದ ಆಟದ ಧ್ವನಿಮುದ್ರಿಕೆಯೋ, ಕುಚ್ಚಲಕ್ಕಿಯ ಮೂಟೆಯೋ ಮಾಡುತ್ತಿರುತ್ತದೆ. ವಸ್ತು ಯಾವುದೆಂಬುದು ಮುಖ್ಯವಲ್ಲ. ಅದರ ಸುತ್ತ ಜನ ಸೇರುತ್ತಾರೆಯೇ, ಮಾತು ಹುಟ್ಟುತ್ತದೆಯೇ ಎಂಬುದನ್ನು ವಿಮರ್ಶೆ ಕೇಳಬೇಕು.

೬

ಮುಂಬಯಿಯ ಕನ್ನಡಿಗರಿಗೆ ಅವರ ಕೋಣೆಗಳನ್ನು ಬರೆದುಕೊಟ್ಟವರಿದ್ದಾರೆ. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯), ಜಯಂತ ಕಾಯ್ಕಿಣಿಯವರ ಕಥೆಗಳು ಆ ನಗರದ ಇಕ್ಕಟ್ಟನ್ನು ಕನ್ನಡದ ಅನುಭವವನ್ನಾಗಿ ಮಾಡಿವೆ. ಮದರಾಸು ೧೯೯೬ರಲ್ಲಿ ಚೆನ್ನೈ ಆಗುವ ಮೊದಲು ಕನ್ನಡಕ್ಕೆ ಸಲ್ಲಿಸಿದ ಸೇವೆ ಬೇರೆ ಬಗೆಯದು. ಆದಿಯ ದಶಕಗಳ ಕನ್ನಡ ಚಲನಚಿತ್ರಗಳಲ್ಲಿ ಬಹುಪಾಲು ತಯಾರಾದದ್ದು ಇಲ್ಲಿಯ ಸ್ಟುಡಿಯೋಗಳಲ್ಲಿ. ಕಿಟ್ಟೆಲರ ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ಎಂ. ಮರಿಯಪ್ಪಭಟ್ಟರ ಸಂಪಾದಕತ್ವದಲ್ಲಿ ೧೯೬೮ರಿಂದ ೧೯೭೧ರವರೆಗೆ ಹೊರತಂದದ್ದು ಇಲ್ಲಿಯ ವಿಶ್ವವಿದ್ಯಾನಿಲಯ. ಪದಗಳನ್ನು ಕೂಡಿಡುವ ಕೆಲಸವನ್ನು ಈ ಊರು ಚೆನ್ನಾಗಿ ಮಾಡಿತು. ಪದಗಳು ದಿನನಿತ್ಯ ಬಾಳುವ ಮನೆಯನ್ನು ಕುರಿತ ಕಥೆಯಾಗಲಿ ಕವಿತೆಯಾಗಲಿ ಇಲ್ಲಿಂದ ಹೊರಟು ನಾಡಿನ ಓದುಗರ ಮನಸ್ಸಿನಲ್ಲಿ ಆ ಮುಂಬಯಿಯ ಕೋಣೆಗಳಂತೆ ನೆಲೆನಿಂತಿಲ್ಲ.

ಈ ಕೊರತೆಗೆ ಸಾಹಿತಿಗಳನ್ನು ಮಾತ್ರ ಹೊಣೆಮಾಡುವುದು ಸರಿಯಲ್ಲ. ನಮ್ಮ ಸಂಶೋಧನೆ ಶಾಸನ, ಹಸ್ತಪ್ರತಿ, ಗಡಿನಾಡಿನ ಇತಿಹಾಸ ಇವುಗಳಿಗೆ ಕೊಟ್ಟ ಗಮನದಲ್ಲಿ ಒಂದು ಪಾಲನ್ನು ವಾಸದ ಮನೆಗೂ ಕೊಟ್ಟಿದ್ದರೆ ಬರೆಯುವವರಿಗೆ ಸಾಮಗ್ರಿ ದೊರೆಯುತ್ತಿತ್ತು. ಹೊಸ ಸಂಸಾರವೊಂದು ಮೊದಲ ವರ್ಷದಲ್ಲಿ ಯಾವ ವಸ್ತುವನ್ನು ಊರಿನಿಂದ ತಂದಿತು, ಯಾವುದನ್ನು ಇಲ್ಲಿ ಕೊಂಡಿತು, ಯಾವುದನ್ನು ಯಾವ ಭಾಷೆಯ ಹೆಸರಿನಿಂದ ಕರೆಯುತ್ತದೆ, ಯಾವುದು ಬಳಕೆಯಲ್ಲಿದೆ, ಯಾವುದು ಗಾಜಿನ ಹಿಂದೆ ಸೇರಿತು ಎಂದು ಒಂದು ಪಟ್ಟಿ ಮಾಡುವುದು ಯಾವ ಸಂಘಕ್ಕೂ ಸಾಧ್ಯವಾದ ಕೆಲಸ. ಇಡ್ಲಿಯ ಪಾತ್ರೆಗೆ ಮನೆಯೊಳಗೆ ಇಟ್ಟ ಹೆಸರು, ಬಾಲ್ಕನಿಯ ತುಳಸಿಯ ಕುಂಡ, ನೀರಿನ ಲಾರಿ ಬಂದಾಗ ಮೊದಲು ಹೊರಬರುವ ಕೊಡ ಇವೆಲ್ಲ ಆ ಪಟ್ಟಿಯಲ್ಲಿ ಬರಲಿ. ಶಾಸನವನ್ನು ಓದುವವರು ಕಲ್ಲು ನಿಂತಿರುವ ಸ್ಥಳವನ್ನೂ ಗುರುತುಹಾಕಿಕೊಳ್ಳುತ್ತಾರೆ. ಮನೆಯನ್ನು ಓದುವವರೂ ವಸ್ತುವಿನ ಜೊತೆಗೆ ಅದರ ಸ್ಥಳವನ್ನೂ ಅದನ್ನು ಮುಟ್ಟುವ ಕೈಯನ್ನೂ ಬರೆದುಕೊಳ್ಳಬೇಕು. ಇಲ್ಲಿಯ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಅದು ಮುಗಿದು ಸಾಮಾನು ಲಾರಿಗೆ ಏರಿದ ಮೇಲೆ ಈ ಬಗೆಯ ದಾಖಲೆ ಮತ್ತೆ ಸಿಕ್ಕುವುದಿಲ್ಲವಾದ್ದರಿಂದ, ಕೆಲಸವನ್ನು ಬೇಗ ಆರಂಭಿಸುವುದು ಒಳ್ಳೆಯದು.